ಒಂದೇ ತಿಂಗಳಲ್ಲಿ ಎರಡು ‘ಇಂಡಿಯಾ’

ಅಂತರರಾಷ್ಟ್ರೀಯ ಕಬಡ್ಡಿ ಫೆಡರೇಷನ್ನಿನ ಪದಾಧಿಕಾರಿಗಳಿಗೆ ಮತ್ತು ಸದಸ್ಯ ದೇಶಗಳ ಪ್ರತಿನಿಧಿಗಳಿಗೆ,

ಮಾನ್ಯರೇ,

2025ರ ಮಾರ್ಚ್ ತಿಂಗಳಲ್ಲಿ ‘ಭಾರತದ ಮಹಿಳಾ ಕಬಡ್ಡಿ ತಂಡ’ ಎರಡು ಕಪ್ ಗೆದ್ದಿತು. ತಿಂಗಳ ಮೊದಲ ವಾರ ಟೆಹ್ರಾನಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್, ಫೈನಲ್ಲಿನಲ್ಲಿ ಇರಾನಿನ ಎದುರು 32-25. ಎರಡು ವಾರ ಕಳೆದ ಮೇಲೆ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ ವಿಶ್ವಕಪ್, ಫೈನಲ್ಲಿನಲ್ಲಿ ಇಂಗ್ಲೆಂಡಿನ ಎದುರು. ಎರಡೂ ಕಡೆ ಜರ್ಸಿಯ ಮೇಲೆ ಇದ್ದದ್ದು ಇಂಡಿಯಾ ಎಂಬ ಹೆಸರೇ. ಆದರೆ ತಂಡ ಒಂದಲ್ಲ. ಟೆಹ್ರಾನಿಗೆ ಹೋದವರನ್ನು ಕಳಿಸಿದ್ದು ನಿಮ್ಮ ಮಾನ್ಯತೆ ಇರುವ ಭಾರತ ಅಮೆಚೂರ್ ಕಬಡ್ಡಿ ಫೆಡರೇಷನ್. ಇಂಗ್ಲೆಂಡಿನದು ‘ವರ್ಲ್ಡ್ ಕಬಡ್ಡಿ’ ಎಂಬ ಬೇರೆಯೇ ಸಂಸ್ಥೆಯ ಪಂದ್ಯಾವಳಿ. ಅದಕ್ಕೂ ನಿಮಗೂ ಸಂಬಂಧವಿಲ್ಲ.

ನಮ್ಮೂರಿನ ಕ್ಲಬ್ಬಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಲು ಹೋಗಿ ನಾನು ಸುಸ್ತಾದೆ. ಹಾಗಾಗಿ ಈ ಪತ್ರ.

ನಾನು ನಿಮಗೆ ಗೊತ್ತಿರುವವನಲ್ಲ. ದಕ್ಷಿಣ ಕನ್ನಡದ ಊರುಗಳಲ್ಲಿ ಮಳೆಗಾಲ ಕಳೆದ ಮೇಲೆ ಶನಿವಾರ ರಾತ್ರಿಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಸೀಟಿ ಊದುವವನು. ನಿಮ್ಮ ಸಭೆಗೆ ಕಾಲಿಡುವ ಅರ್ಹತೆ ನನಗಿಲ್ಲ. ಆದರೆ ನೀವು ಮಾಡುವ ನಿಯಮ ಕೊನೆಗೆ ಬಂದು ನಿಲ್ಲುವುದು ನಮ್ಮ ಅಂಕಣದಲ್ಲೇ. ಅಷ್ಟು ಸಲುಗೆಯಿಂದ ಬರೆಯುತ್ತಿದ್ದೇನೆ.

ಮೊದಲು ಇಂಗ್ಲೆಂಡಿನ ವಿಚಾರ. ಆ ವಿಶ್ವಕಪ್ಪನ್ನು ಕಳ್ಳ ವಿಶ್ವಕಪ್ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಕಡೆಯೂ ಹಲವರು ಹಾಗೇ ಅಂದರು. ಭಾರತದ ಹೆಸರಾಂತ ಆಟಗಾರರು ಅಲ್ಲಿರಲಿಲ್ಲ ಎಂಬುದೂ ನಿಜ. ಆದರೂ ಬರ್ಮಿಂಗ್‌ಹ್ಯಾಂ, ಕವೆಂಟ್ರಿ, ವಾಲ್ಸಾಲ್, ವುಲ್ವರ್‌ಹ್ಯಾಂಪ್ಟನ್ ಎಂದು ನಾಲ್ಕು ಊರುಗಳಲ್ಲಿ ಪಂದ್ಯ ನಡೆಯಿತು. ಅಲ್ಲಿನ ಸ್ಥಳೀಯ ಆಡಳಿತಗಳು ಬೆಂಬಲಕ್ಕೆ ನಿಂತವು, ಬಿಬಿಸಿ ತೋರಿಸಿತು, ಏಷ್ಯಾದ ಹೊರಗೆ ಮೊದಲ ಬಾರಿಗೆ ಕಬಡ್ಡಿ ವಿಶ್ವಕಪ್ ಆಯಿತು. ಪುರುಷರ ಫೈನಲ್ 44-41ರಲ್ಲಿ ಮುಗಿಯಿತು, ಅಂದರೆ ಕೊನೆಯ ರೈಡಿನವರೆಗೂ ಕುರ್ಚಿಯ ಅಂಚಿನಲ್ಲಿ ಕೂರಿಸುವಂಥ ಪಂದ್ಯ. ಇದೇ ಸಂಸ್ಥೆ 2019ರಲ್ಲಿ ಮಲೇಷ್ಯಾದ ಮಲಾಕ್ಕಾದಲ್ಲೂ ವಿಶ್ವಕಪ್ ನಡೆಸಿತ್ತು. ನಿಮ್ಮ ಲೆಕ್ಕ ಏನು? ಪುರುಷರ ವಿಶ್ವಕಪ್ 2004ರಲ್ಲಿ ಮುಂಬೈ, 2007ರಲ್ಲಿ ಪನವೇಲ್, ಆಮೇಲೆ ಒಂಬತ್ತು ವರ್ಷ ಬಿಟ್ಟು 2016ರಲ್ಲಿ ಅಹಮದಾಬಾದ್. ಮೂರೂ ಭಾರತದಲ್ಲೇ, ಅದೂ ಮಹಾರಾಷ್ಟ್ರ ಮತ್ತು ಗುಜರಾತಿನಲ್ಲಿ. ಅದಾದ ಮೇಲೆ ಸದ್ದಿಲ್ಲ. ನೀವು ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಮ್ಯಾಟ್ ಹಾಸಿದರೆ ಅವರನ್ನು ಬೈದು ಪ್ರಯೋಜನವೇನು?

ಮಹಿಳೆಯರ ಕತೆ ಇನ್ನೂ ಬೇಸರದ್ದು. 2012ರಲ್ಲಿ ಪಟ್ನಾದಲ್ಲಿ ಮೊದಲ ವಿಶ್ವಕಪ್ ಆಯಿತು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಆಗ ಭಾರತ ತಂಡದಲ್ಲಿದ್ದರು. ಬೆಂಗಳೂರಿನ ತೇಜಸ್ವಿನಿ ಬಾಯಿ ಕೂಡ ಅದೇ ಪೀಳಿಗೆಯವರು. 2010ರ ಗುವಾಂಗ್‌ಜೌ, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಎರಡರಲ್ಲೂ ಇಬ್ಬರಿಗೂ ಚಿನ್ನ, ಇಬ್ಬರಿಗೂ ಅರ್ಜುನ ಪ್ರಶಸ್ತಿ. ಅವರ ಕಾಲು ಗಟ್ಟಿಯಿದ್ದ ಕಾಲದಲ್ಲಿ ಇನ್ನೊಂದು ವಿಶ್ವಕಪ್ ಬರಲೇ ಇಲ್ಲ. ಎರಡನೆಯದು ಬಂದದ್ದು ಹದಿಮೂರು ವರ್ಷ ಕಳೆದು, 2025ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಬಿಹಾರದ ರಾಜಗೀರ್ ಅಂದಿರಿ, ಹೈದರಾಬಾದ್ ಅಂದಿರಿ, ಜೂನ್ ಹೋಗಿ ಆಗಸ್ಟ್ ಆಯಿತು, ಕೊನೆಗೆ ಢಾಕಾ. ಢಾಕಾದವರು ಚೆನ್ನಾಗಿಯೇ ನಡೆಸಿದರು ಎಂದು ಹೇಳಬೇಕು. ಹನ್ನೊಂದು ತಂಡ ಬಂದವು. ಜಾಂಜಿಬಾರ್ ಬಂತು, ಉಗಾಂಡ ಬಂತು, ಜರ್ಮನಿ, ಪೋಲೆಂಡ್ ಬಂದವು. ಫೈನಲ್ಲಿನಲ್ಲಿ ಭಾರತ ಚೈನೀಸ್ ತೈಪೆಯನ್ನು 35-28ರಿಂದ ಸೋಲಿಸಿತು. ಅದೇ ತೈಪೆ 2023ರಲ್ಲಿ ಹ್ಯಾಂಗ್‌ಜೌ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ 26-25ರವರೆಗೆ ಭಾರತವನ್ನು ಎಳೆದು ತಂದಿತ್ತು ಎಂಬುದು ನೆನಪಿರಲಿ. ಎದುರಾಳಿಗಳು ತಯಾರಾಗಿದ್ದಾರೆ. ತಯಾರಾಗದೆ ಉಳಿದಿರುವುದು ವೇಳಾಪಟ್ಟಿ ಮಾತ್ರ.

ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ಎಂದು ನಿಶ್ಚಯವಾಗಿದ್ದರೆ ಪೋಲೆಂಡಿನ ತಂಡ ರಜೆ ಹಾಕಲು, ಪ್ರಾಯೋಜಕರನ್ನು ಹುಡುಕಲು, ಹುಡುಗಿಯರನ್ನು ತರಬೇತಿಗೆ ಕೂರಿಸಲು ಮೂರು ವರ್ಷ ಸಿಗುತ್ತದೆ. ಎಲ್ಲಿ, ಯಾವಾಗ ಎಂಬುದು ಎರಡು ತಿಂಗಳ ಮುಂಚೆಯಷ್ಟೇ ಗೊತ್ತಾದರೆ ಆಡಲು ಬರುವವರು ಯಾರು? ಸರ್ಕಾರಿ ಕೆಲಸದ ಮೇಲೆ ಆಡುವ ಭಾರತದಂಥ ದೇಶದ ಆಟಗಾರರು ಮಾತ್ರ. ನಮ್ಮಲ್ಲಿ ರೈಲ್ವೆ ಇದೆ, ಪೊಲೀಸ್ ಇದೆ, ಬ್ಯಾಂಕುಗಳಿವೆ. ನೈರೋಬಿಯ ಹುಡುಗನಿಗೆ ಏನಿದೆ?

ಈಗ ಯಜಮಾನಿಕೆಯ ವಿಚಾರಕ್ಕೆ ಬರುತ್ತೇನೆ. ನಿಮಗೆ ರುಚಿಸದ ಭಾಗ ಇದು.

ನಿಮ್ಮ ಫೆಡರೇಷನ್ ಹುಟ್ಟಿದ್ದು 2004ರಲ್ಲಿ. ಅದರ ಅಧ್ಯಕ್ಷರಾಗಿದ್ದ ಜನಾರ್ದನ ಸಿಂಗ್ ಗೆಹ್ಲೋಟ್ 1984ರಿಂದ 2013ರವರೆಗೆ ಭಾರತದ ಫೆಡರೇಷನ್ನಿನ ಅಧ್ಯಕ್ಷರೂ ಹೌದು. ಅವರು ಕಬಡ್ಡಿಗೆ ಏನೂ ಮಾಡಲಿಲ್ಲ ಎಂದು ಹೇಳುವಷ್ಟು ಕೃತಘ್ನ ನಾನಲ್ಲ. 1982ರ ದೆಹಲಿ ಏಷ್ಯಾಡ್‌ನಲ್ಲಿ ಬರೀ ಪ್ರದರ್ಶನದ ಆಟವಾಗಿದ್ದದ್ದು 1990ರ ಬೀಜಿಂಗಿನಲ್ಲಿ ಪದಕದ ಆಟವಾಯಿತು, ಅದು ಅವರ ಕಾಲದಲ್ಲೇ. ಆದರೆ 2013ರ ನಂತರ ಅವರು ಭಾರತದ ಫೆಡರೇಷನ್ನಿಗೆ ‘ಆಜೀವ ಅಧ್ಯಕ್ಷ’ರಾದರು, ಪತ್ನಿ ಮೃದುಲ್ ಭದೌರಿಯಾ ಅಧ್ಯಕ್ಷೆಯಾದರು. ಈ ಎರಡೂ ನೇಮಕಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟಿನಲ್ಲಿ ರದ್ದುಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಅದೇ ತಿಂಗಳು ಜಕಾರ್ತದಲ್ಲಿ ಭಾರತದ ಪುರುಷರು ಏಷ್ಯನ್ ಗೇಮ್ಸ್ ಇತಿಹಾಸದಲ್ಲೇ ಮೊದಲ ಬಾರಿಗೆ ಚಿನ್ನ ಕಳೆದುಕೊಂಡರು. ಸೆಮಿಫೈನಲ್ಲಿನಲ್ಲಿ ಇರಾನ್ 27, ಭಾರತ 18. ಮಹಿಳೆಯರು ಫೈನಲ್ಲಿನಲ್ಲಿ ಇರಾನಿಗೇ 27-24ರಿಂದ ಸೋತರು. ಆ ಇರಾನಿ ತಂಡದ ಕೋಚ್ ನಾಸಿಕ್‌ನ ಶೈಲಜಾ ಜೈನ್. ನಮ್ಮವರೇ ಕಲಿಸಿ, ನಮ್ಮವರೇ ಸೋತದ್ದು. ಅಂದು ನನಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚಾಯಿತು ಎಂದರೆ ಗೆಳೆಯರು ಈಗಲೂ ಜಗಳಕ್ಕೆ ಬರುತ್ತಾರೆ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುವ ಆಟವನ್ನು ಒಲಿಂಪಿಕ್ಸ್‌ಗೆ ಸೇರಿಸಿ ಎಂದು ಕೇಳಲು ಯಾವ ಮುಖ ಇರುತ್ತದೆ?

ಆ ಕೋರ್ಟ್ ವ್ಯವಹಾರ ವರ್ಷಗಟ್ಟಲೆ ಎಳೆಯಿತು. 2023ರ ಡಿಸೆಂಬರಿನಲ್ಲಿ ಭಾರತದ ಫೆಡರೇಷನ್ನಿಗೆ ಚುನಾವಣೆಯಾದರೂ ಆಡಳಿತಾಧಿಕಾರಿಯ ಕೈಯಿಂದ ಅಧಿಕಾರ ಹಸ್ತಾಂತರವಾಗಲಿಲ್ಲ. ಚುನಾಯಿತ ಸಮಿತಿ ಇಲ್ಲದ ಸಂಸ್ಥೆಗೆ ಮಾನ್ಯತೆ ಕೊಡಲಾರೆವು ಎಂದು ನೀವು ಹಟ ಹಿಡಿದಿರಿ. ಕೊನೆಗೆ ಟೆಹ್ರಾನಿಗೆ ಹೋಗಬೇಕಿದ್ದ ಇಬ್ಬರು ಆಟಗಾರ್ತಿಯರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸೂರ್ಯಕಾಂತ್ ಅವರ ಪೀಠ ಅಧಿಕಾರ ಬಿಟ್ಟುಕೊಡುವಂತೆ ಆದೇಶಿಸಿತು, ನೀವು ಬಾಗಿಲು ತೆರೆದಿರಿ, ಮಾರ್ಚಿನಲ್ಲಿ ತಂಡ ಹೋಗಿ ಗೆದ್ದು ಬಂತು.

ಹೊರಗಿನ ಹಸ್ತಕ್ಷೇಪ ಒಪ್ಪುವುದಿಲ್ಲ ಎಂಬ ನಿಮ್ಮ ನಿಲುವನ್ನು ನಾನು ತಳ್ಳಿಹಾಕುವುದಿಲ್ಲ. 2022ರಲ್ಲಿ ಫಿಫಾ ಕೂಡ ಭಾರತದ ಫುಟ್‌ಬಾಲ್ ಫೆಡರೇಷನ್ನನ್ನು ಇದೇ ಕಾರಣಕ್ಕೆ ಅಮಾನತಿನಲ್ಲಿಟ್ಟಿತ್ತು. ಆದರೆ ಫಿಫಾ ಆ ಅಮಾನತನ್ನು ಎರಡೇ ವಾರದೊಳಗೆ ತೆರವುಗೊಳಿಸಿತು. ಇನ್ನೊಂದು ವ್ಯತ್ಯಾಸವೂ ಇದೆ. ಫಿಫಾದ ಮನೆ ಜ್ಯೂರಿಕ್‌ನಲ್ಲಿ, ಭಾರತದ ಫುಟ್‌ಬಾಲ್ ಜಗಳದಲ್ಲಿ ಅದಕ್ಕೆ ಸ್ವಂತ ಪಾಲಿಲ್ಲ. ನಿಮ್ಮ ವಿಷಯ ಹಾಗಲ್ಲ. ಗೆಹ್ಲೋಟ್ ಅವರ ಕಾಲದಲ್ಲಿ ಎರಡು ಸಂಸ್ಥೆಗಳಿಗೂ ಒಬ್ಬರೇ ಯಜಮಾನರು. ಅವರು 2021ರಲ್ಲಿ ತೀರಿಕೊಂಡ ಮೇಲೆ ನಿಮ್ಮಲ್ಲಿ ಅಧ್ಯಕ್ಷಸ್ಥಾನಕ್ಕೆ ಬಂದ ವಿನೋದ್ ಕುಮಾರ್ ತಿವಾರಿ ಅವರೂ ಭಾರತದವರೇ. ಹೀಗಿರುವಾಗ ನೀವು ಭಾರತದ ಮೇಲೆ ಶಿಸ್ತಿನ ಕೋಲು ಎತ್ತಿದರೆ ಅದನ್ನು ನಿಯಮವೆಂದು ನೋಡುವವರಿಗಿಂತ ಅಣ್ಣತಮ್ಮಂದಿರ ಪಾಲುಪಟ್ಟಿ ಎಂದು ನೋಡುವವರೇ ಹೆಚ್ಚು. ಇರಾನ್, ಕೊರಿಯಾ, ಬಾಂಗ್ಲಾದೇಶ, ಕೀನ್ಯಾದ ಪ್ರತಿನಿಧಿಗಳೇ, ಈ ಮಾತು ನಿಮಗೂ ಸೇರಿ. ಕಬಡ್ಡಿ ಬಾಂಗ್ಲಾದೇಶದ ರಾಷ್ಟ್ರೀಯ ಕ್ರೀಡೆ. ಇರಾನ್ 2018ರಲ್ಲಿ ಎರಡೂ ಚಿನ್ನ ಗೆದ್ದ ದೇಶ. ಅಧ್ಯಕ್ಷರ ಕುರ್ಚಿ ಒಂದು ಅವಧಿಗಾದರೂ ಢಾಕಾಕ್ಕೋ ಟೆಹ್ರಾನಿಗೋ ಹೋಗಲಿ ಎಂದು ನೀವು ಗಟ್ಟಿಯಾಗಿ ಕೇಳಿದ್ದನ್ನು ನಾನಂತೂ ಎಲ್ಲೂ ಓದಿಲ್ಲ.

2016ರ ಅಹಮದಾಬಾದ್ ನೆನಪಿಸುತ್ತೇನೆ. ಹನ್ನೆರಡು ತಂಡಗಳಿದ್ದವು, ಅರ್ಜೆಂಟೀನಾ ಕೂಡ ಇತ್ತು. ಉದ್ಘಾಟನಾ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಭಾರತವನ್ನು 34-32ರಿಂದ ಸೋಲಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಒಳ್ಳೆಯ ಪಂದ್ಯಾವಳಿ. ಆದರೆ ಕಾಶ್ಮೀರದ ಉರಿಯಲ್ಲಿ ಸೇನಾ ಶಿಬಿರದ ಮೇಲೆ ನಡೆದ ದಾಳಿಯ ನಂತರ ಪಾಕಿಸ್ತಾನವನ್ನು ಹೊರಗಿಡುವ ತೀರ್ಮಾನ ಪ್ರಕಟವಾದದ್ದು ನಿಮ್ಮ ಹೆಸರಿನಲ್ಲಿ. ಪಾಕಿಸ್ತಾನಕ್ಕೆ ವೀಸಾ ಕೊಡಬೇಕೇ ಬೇಡವೇ ಎಂಬುದು ಭಾರತ ಸರ್ಕಾರದ ಅಧಿಕಾರ, ಅದರಲ್ಲಿ ನನಗೆ ತಕರಾರಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯೊಂದು ಒಂದು ದೇಶದ ಮನಸ್ಸನ್ನು ತನ್ನ ಬಾಯಿಂದ ಹೇಳಿತಲ್ಲ, ತಕರಾರು ಅಲ್ಲಿ. ನಾಲ್ಕು ವರ್ಷ ಕಳೆದು, 2020ರಲ್ಲಿ ಲಾಹೋರಿನಲ್ಲಿ ಸರ್ಕಲ್ ಕಬಡ್ಡಿ ವಿಶ್ವಕಪ್ ನಡೆದಾಗ ಭಾರತದಿಂದ ಯಾರ ಅನುಮತಿಯೂ ಇಲ್ಲದೆ ಒಂದು ತಂಡ ಹೋಗಿ ‘ಇಂಡಿಯಾ’ ಹೆಸರಿನಲ್ಲಿ ಫೈನಲ್ ಆಡಿ ಸೋತಿತು. ಅದು ನಮ್ಮ ತಂಡವೇ ಅಲ್ಲ ಎಂದು ಇಲ್ಲಿ ಹೇಳಿಕೆ ಬಂತು. 2025ರ ಡಿಸೆಂಬರಿನಲ್ಲಿ ಬಹ್ರೇನಿನ ಖಾಸಗಿ ಪಂದ್ಯಾವಳಿಯಲ್ಲಿ ಪಾಕಿಸ್ತಾನದ ಆಟಗಾರರೊಬ್ಬರು ಭಾರತದ ಜರ್ಸಿ ತೊಟ್ಟು ಆಡಿ, ತಮ್ಮ ದೇಶದ ಫೆಡರೇಷನ್ನಿನಿಂದ ನಿಷೇಧಕ್ಕೊಳಗಾದರು. ನಗಬೇಕೋ ಅಳಬೇಕೋ ತಿಳಿಯದ ಸುದ್ದಿ. ದೇಶದ ಹೆಸರು ಬರೆದ ಜರ್ಸಿಯನ್ನು ಯಾರು ಬೇಕಾದರೂ ಹೊಲಿಸಿಕೊಳ್ಳಬಹುದು ಎಂಬ ಸ್ಥಿತಿ ಯಾವ ಆಟದಲ್ಲಿದೆ ಹೇಳಿ.

ಸರ್ಕಲ್ ಕಬಡ್ಡಿ ಬೇರೆಯೇ ಆಟ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ದುಂಡನೆಯ ಮೈದಾನ, ಪಂಜಾಬಿನ ಹಣ, ಕೆನಡಾ-ಇಂಗ್ಲೆಂಡಿನ ಸಿಖ್ಖರ ಪ್ರೀತಿ. ಪಂಜಾಬ್ ಸರ್ಕಾರದ 2011ರ ವಿಶ್ವಕಪ್‌ನಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಾಲುಸಾಲಾಗಿ ಆಟಗಾರರು ಸಿಕ್ಕಿಬಿದ್ದದ್ದು ಹೊರದೇಶದ ಓದುಗರಿಗೆ ‘ಕಬಡ್ಡಿ’ಯ ಸುದ್ದಿಯಾಗಿಯೇ ತಲುಪಿತು ಎಂಬುದನ್ನಷ್ಟೇ ನೆನಪಿಸುತ್ತೇನೆ.

ನನ್ನ ಮನಸ್ಸನ್ನು ನಿಜಕ್ಕೂ ಕೆಡಿಸಿದ್ದು ಇದ್ಯಾವುದೂ ಅಲ್ಲ, 2023ರ ಅಕ್ಟೋಬರ್ 7ರ ಹ್ಯಾಂಗ್‌ಜೌ ಫೈನಲ್.

ಏಷ್ಯನ್ ಗೇಮ್ಸ್ ಚಿನ್ನಕ್ಕೆ ಭಾರತ, ಇರಾನ್. ಅಂಕ 28-28. ಉಳಿದದ್ದು ಒಂದು ನಿಮಿಷದ ಆಸುಪಾಸು. ಪವನ್ ಸೆಹ್ರಾವತ್‌ಗೆ ಡು-ಆರ್-ಡೈ ರೈಡ್, ಅಂದರೆ ಅಂಕ ತರದಿದ್ದರೆ ಔಟ್. ಅವರು ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟರು. ಹಿಡಿಯಲು ನುಗ್ಗಿದ ಇರಾನಿನ ಕ್ಯಾಚರ್‌ಗಳೂ ಅವರ ಹಿಂದೆಯೇ ಲಾಬಿಗೆ ಬಂದರು. ಕಬಡ್ಡಿ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಅಂಕಣದ ಎರಡೂ ಬದಿಯ ಪಟ್ಟಿಯೇ ಲಾಬಿ. ಮುಟ್ಟಾಟ ಆದ ಮೇಲಷ್ಟೇ ಅದು ಆಟದ ಜಾಗ. ಈಗ ಪ್ರಶ್ನೆ: ಮುಟ್ಟದೆ ಲಾಬಿ ತುಳಿದ ರೈಡರ್ ಔಟ್, ಸರಿ. ಅವನ ಬೆನ್ನುಹತ್ತಿ ಲಾಬಿ ತುಳಿದವರ ಗತಿ ಏನು? ಹಳೆಯ ನಿಯಮದಂತೆ ಅವರೂ ಔಟ್ ಎಂದಿತು ಭಾರತ. ರೈಡರ್ ಲಾಬಿ ತುಳಿದ ಕ್ಷಣಕ್ಕೇ ರೈಡ್ ಮುಗಿಯಿತು, ಆಮೇಲಿನದು ಲೆಕ್ಕಕ್ಕಿಲ್ಲ ಎಂದಿತು ಇರಾನ್. ಪ್ರೊ ಕಬಡ್ಡಿ ಲೀಗ್ ನೋಡಿ ಬೆಳೆದ ಪ್ರೇಕ್ಷಕನಿಗೂ ಹೆಚ್ಚು ಪರಿಚಿತವಾದದ್ದು ಇರಾನ್ ಹೇಳಿದ ನಿಯಮವೇ. ತೀರ್ಪು ಕೊಟ್ಟರು, ಬದಲಿಸಿದರು, ಮತ್ತೆ ಬದಲಿಸಿದರು. ಒಮ್ಮೆ ಇವರು ಮ್ಯಾಟಿನ ಮೇಲೆ ಕೂತರು, ಇನ್ನೊಮ್ಮೆ ಅವರು ಕೂತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತಕ್ಕೆ ಅಂಕ ಸಂದಿತು, ಪಂದ್ಯ 33-29ಕ್ಕೆ ಮುಗಿಯಿತು.

ಚಿನ್ನ ನಮಗೇ ಬಂತು, ನಾನೂ ಪಟಾಕಿ ಹೊಡೆದೆ. ಆದರೆ ಸೀಟಿ ಊದುವವನ ಕಣ್ಣಿಗೆ ಅದು ಮರ್ಯಾದೆಯ ಗಂಟೆಯಾಗಿರಲಿಲ್ಲ. ರೆಫ್ರಿಗಳ ತಪ್ಪು ಎಂದು ಎಲ್ಲರೂ ಬರೆದರು. ನಾನು ಹಾಗೆ ಹೇಳುವುದಿಲ್ಲ. ಎರಡು ನಿಯಮ ಚಾಲ್ತಿಯಲ್ಲಿದ್ದರೆ ರೆಫ್ರಿ ಏನು ಮಾಡಬೇಕು? ಇರಾನಿನ ಆ ಹುಡುಗರಲ್ಲಿ ಅನೇಕರು ವರ್ಷದಲ್ಲಿ ಕೆಲವು ತಿಂಗಳು ಆಡುವುದೇ ಪ್ರೊ ಕಬಡ್ಡಿಯಲ್ಲಿ. ಅಲ್ಲಿನ ನಿಯಮ ಅವರ ಮೈಗೆ ಹತ್ತಿದೆ.

ನಮ್ಮ ಕಡೆ ಊರ ಪಂದ್ಯಾಟದ ಕರಪತ್ರ ನೋಡಿದ್ದೀರಾ? ‘ಪ್ರೊ ಮಾದರಿಯ ಮ್ಯಾಟ್ ಅಂಕಣ’ ಎಂದು ದಪ್ಪಕ್ಷರದಲ್ಲಿರುತ್ತದೆ. ಕೆಳಗೆ ದೇಹತೂಕದ ಮಿತಿ, ಪ್ರವೇಶ ಶುಲ್ಕ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಬಹುಮಾನ, ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಸಾಲು. ಪಂದ್ಯ ಶುರುವಾಗುವ ಮುಂಚೆ ಇಬ್ಬರು ನಾಯಕರನ್ನೂ ಕರೆದು ಬೋನಸ್ ಹೇಗೆ, ಮೂರನೇ ರೈಡ್ ಹೇಗೆ, ಲಾಬಿ ಹೇಗೆ ಎಂದು ಹೇಳಿಬಿಡುತ್ತೇವೆ. ಹೇಳಲು ಮರೆತರೆ ಅವರೇ ತುಳುವಿನಲ್ಲಿ ಕೇಳುತ್ತಾರೆ, “ಲಾಬಿ ಎಂಚ (ಹೇಗೆ) ಸರ್?” ಎಂದು. ಐದು ಸಾವಿರ ರೂಪಾಯಿಯ ಪಂದ್ಯಾಟಕ್ಕೆ ಇಷ್ಟು ಜಾಗ್ರತೆ ಸಾಧ್ಯವಿದ್ದರೆ ಏಷ್ಯಾದ ಚಿನ್ನಕ್ಕೆ ಯಾಕಿಲ್ಲ?

ಪ್ರೊ ಕಬಡ್ಡಿಯನ್ನು ದೂರುವುದು ನನ್ನ ಉದ್ದೇಶವಲ್ಲ. 2014ರಲ್ಲಿ ಅದು ಬಾರದೆ ಹೋಗಿದ್ದರೆ ನಮ್ಮೂರಿಗೆ ಮ್ಯಾಟೇ ಬರುತ್ತಿರಲಿಲ್ಲ, ಮಣ್ಣಿನಲ್ಲೇ ಇರುತ್ತಿದ್ದೆವು. ಅಂತರರಾಷ್ಟ್ರೀಯ ಕಬಡ್ಡಿ ಎಂದು ನೀವು ಕಾಗದದಲ್ಲಿ ಬರೆಯುವುದನ್ನು ಆ ಲೀಗ್ ಕಣ್ಣೆದುರು ತೋರಿಸಿದೆ. 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ರೂಪಾಯಿ ಕೊಟ್ಟಿತು. ಆ ತಂಡಕ್ಕೆ ಕೋಚ್ ನಮ್ಮ ಬಿ.ಸಿ. ರಮೇಶ್. ಆ ಸಲದ ಕಪ್ ಅವರದೇ. ಇರಾನಿಗ, ಕನ್ನಡಿಗ, ಮರಾಠಿ ಊರು. ಇದನ್ನು ಮಾಡಿದ್ದು ಮಾರುಕಟ್ಟೆ. ಆದರೆ ಲೀಗ್ ತನ್ನ ಟಿವಿ ಪ್ರೇಕ್ಷಕನಿಗಾಗಿ ನಿಯಮ ತಿದ್ದುತ್ತಲೇ ಇರುತ್ತದೆ. 2025ರ ಆವೃತ್ತಿಯಲ್ಲಿ ಸಮಬಲವಾದ ಲೀಗ್ ಪಂದ್ಯಗಳಿಗೂ ಟೈ-ಬ್ರೇಕರ್ ತಂದರು, ಗೋಲ್ಡನ್ ರೈಡ್ ತಂದರು. ಅದು ಅವರ ಹಕ್ಕು. ಅದರಲ್ಲಿ ಯಾವುದು ಪ್ರಪಂಚದ ಕಬಡ್ಡಿಯ ನಿಯಮವಾಗಬೇಕು, ಯಾವುದು ಆಗಬಾರದು ಎಂದು ವರ್ಷಕ್ಕೊಮ್ಮೆ ಕೂತು ತೀರ್ಮಾನಿಸುವುದು ನಿಮ್ಮ ಕೆಲಸ. ಕ್ರಿಕೆಟ್ಟಿನಲ್ಲಿ ಐಪಿಎಲ್ ಇಂಪ್ಯಾಕ್ಟ್ ಆಟಗಾರನನ್ನು ತಂದರೂ ವಿಶ್ವಕಪ್‌ನಲ್ಲಿ ಹನ್ನೆರಡನೆಯವನು ಬ್ಯಾಟ್ ಹಿಡಿದು ಬರುವುದಿಲ್ಲ.

2026ರ ಏಷ್ಯನ್ ಗೇಮ್ಸ್ ಜಪಾನಿನ ಐಚಿ-ನಗೋಯಾದಲ್ಲಿ. ಕಬಡ್ಡಿ ಅಲ್ಲೂ ಇದೆ. ಅದಕ್ಕೆ ಮೊದಲೇ ನಿಯಮ ಸಮಿತಿಯ ಸಭೆ ಕರೆಯಿರಿ. ಲೀಗ್‌ನವರನ್ನೂ ಕೂರಿಸಿ, ಇರಾನ್, ಕೊರಿಯಾ, ತೈಪೆಯ ಕೋಚ್‌ಗಳನ್ನೂ ಕೂರಿಸಿ. ಲಾಬಿಯ ನಿಯಮವನ್ನು ಎರಡು ಸಾಲಿನಲ್ಲಿ ಬರೆದು, ಜೊತೆಗೆ ವಿಡಿಯೊ ಹಾಕಿ. ಇಂಗ್ಲಿಷಿನಲ್ಲಿದ್ದರೆ ಸಾಕು, ಕನ್ನಡಕ್ಕೆ ನಾವೇ ಮಾಡಿಕೊಳ್ಳುತ್ತೇವೆ. ಫೈನಲ್ಲಿಗೆ ಭಾರತವೂ ಇರಾನೂ ಬಂದರೆ ಸೀಟಿ ಮೂರನೆಯ ದೇಶದವರ ಕೈಯಲ್ಲಿರಲಿ, ಮರುಪರಿಶೀಲನೆಯ ಟೇಬಲ್ಲಿನಲ್ಲಿ ಕೂರುವವರೂ ಅಷ್ಟೇ. ಅಂಥ ರೆಫ್ರಿಗಳು ಸಾಕಷ್ಟಿಲ್ಲ ಎನ್ನುವಿರಾದರೆ, ಇಪ್ಪತ್ತು ವರ್ಷ ದಾಟಿದ ಸಂಸ್ಥೆ ಅವರನ್ನು ಯಾಕೆ ತಯಾರು ಮಾಡಲಿಲ್ಲ ಎಂಬುದಕ್ಕೂ ಉತ್ತರ ಕೊಡಿ.

ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೆಸಿದ ವರ್ಲ್ಡ್ ಕಬಡ್ಡಿಯವರ ಜೊತೆ ಮಾತಿಗೆ ಕೂರುವುದು ಇನ್ನೊಂದು ಕೆಲಸ. ನಿಷೇಧದ ಬೆದರಿಕೆ ಹಾಕಿದರೆ ಏನಾಗುತ್ತದೆ ಎಂದು ನಾವು ಇಲ್ಲೇ ನೋಡಿದ್ದೇವೆ. 2019ರಲ್ಲಿ ಭಾರತದ ಫೆಡರೇಷನ್ನಿಗೆ ಎದುರಾಗಿ ಹುಟ್ಟಿದ ಲೀಗೊಂದು ಪುಣೆ, ಮೈಸೂರು, ಬೆಂಗಳೂರಿನಲ್ಲಿ ಪಂದ್ಯ ನಡೆಸಿತು. ಅಲ್ಲಿ ಆಡಿದರೆ ಬಾಗಿಲು ಮುಚ್ಚುತ್ತದೆ ಎಂಬ ಭಯ ಹುಡುಗರಿಗಿತ್ತು. ಲೀಗ್ ನಿಂತುಹೋಯಿತು, ಅದನ್ನು ನಂಬಿ ಹೋದ ಹುಡುಗರಿಗೆ ಎರಡೂ ಕಡೆ ಜಾಗವಿಲ್ಲದಾಯಿತು. ಸಂಸ್ಥೆಗಳ ಜಗಳದಲ್ಲಿ ವಯಸ್ಸು ಕಳೆದುಕೊಳ್ಳುವವರು ಆಟಗಾರರು. ರೈಡರ್‌ನ ಮೊಣಕಾಲಿಗೆ ಎಂಟು ವರ್ಷ ಆಯಸ್ಸು ಸಿಕ್ಕರೆ ಪುಣ್ಯ.

ಇದೆಲ್ಲ ಆಗುವವರೆಗೆ ಒಂದು ಸಣ್ಣ ಕೆಲಸ ನಾಳೆಯೇ ಮಾಡಬಹುದು. ಯಾವ ಪಂದ್ಯಾವಳಿಗೆ ನಿಮ್ಮ ಮಾನ್ಯತೆ ಇದೆ, ಯಾವುದಕ್ಕಿಲ್ಲ, ಯಾವ ದೇಶದ ಯಾವ ಸಂಸ್ಥೆ ತಂಡ ಕಳಿಸಬಹುದು, ಮುಂದಿನ ನಾಲ್ಕು ವರ್ಷ ಎಲ್ಲೆಲ್ಲಿ ಏನೇನು, ಇಷ್ಟನ್ನು ಒಂದು ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಭಾರತದಲ್ಲಿ 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ, ಕ್ರೀಡಾ ಮಂಡಳಿ, ನ್ಯಾಯಮಂಡಳಿ ಎಲ್ಲವೂ ಅದರಲ್ಲಿವೆ. ಆದರೆ ಗಡಿ ದಾಟಿದ ಪಂದ್ಯಾವಳಿಯ ಅಸಲಿ-ನಕಲಿ ಹೇಳಲು ಆ ಕಾಯ್ದೆಯಿಂದ ಆಗದು, ನಿಮ್ಮಿಂದ ಮಾತ್ರ ಆದೀತು. ಸದ್ಯ ನಮ್ಮ ಕ್ಲಬ್ಬಿನ ಹುಡುಗರಿಗೆ ‘ಇಂಟರ್‌ನ್ಯಾಷನಲ್ ಟೂರ್ನಮೆಂಟ್, ಇಂಡಿಯಾ ಟೀಮಿಗೆ ಸೆಲೆಕ್ಷನ್, ಖರ್ಚು ನಿಮ್ಮದೇ’ ಎಂಬ ಸಂದೇಶ ಮೊಬೈಲಿಗೆ ಬಂದಾಗ ಅವರು ನನ್ನನ್ನು ಕೇಳುತ್ತಾರೆ, “ಹೋಗಬಹುದಾ ಅಣ್ಣ?” ಎಂದು. ಹೋಗಬೇಡ ಎನ್ನಲು ನನ್ನ ಬಳಿ ಆಧಾರವಿಲ್ಲ, ಹೋಗು ಎನ್ನಲು ಧೈರ್ಯವಿಲ್ಲ. ಆ ಪುಟವನ್ನು ನಗೋಯಾ ಕ್ರೀಡಾಕೂಟಕ್ಕಿಂತ ಮೊದಲು ಹಾಕಿದರೆ ಈ ವರ್ಷದ ಆಯ್ಕೆಗಳಿಗೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ದಕ್ಷಿಣ ಕನ್ನಡದ ಒಬ್ಬ ಕಬಡ್ಡಿ ತೀರ್ಪುಗಾರ